ಐದು ದಳದ ಕಾಗದದ ಹೂವು: ಮೂರನೆಯ ವಾರ

ಈ ವಾರದ ಲೆಕ್ಕ: ಹದಿನೇಳು ದಳ, ಮೂರು ಹೂವು. ಎರಡು ದಳ ಕಸದ ಬುಟ್ಟಿಗೆ ಹೋದವು. ಹೂವುಗಳಲ್ಲಿ ನಾಲ್ಕು ಜನರ ಎದುರು ಇಡುವಂಥದ್ದು ಒಂದೇ.

ಮಾಡುತ್ತಿರುವುದು ಜಪಾನಿನ ಕುಸುದಾಮ ಹೂವು. ಆ ಪದಕ್ಕೆ ಔಷಧದ ಉಂಡೆ ಎಂದು ಅರ್ಥ. ಹಿಂದೆ ಗಿಡಮೂಲಿಕೆ, ಸುಗಂಧದ್ರವ್ಯಗಳಿಂದ ಕಟ್ಟಿ ತೂಗುಹಾಕುತ್ತಿದ್ದುದರ ಹೆಸರು ಈಗ ಕಾಗದದ ಚೆಂಡಿಗೂ ಬಂದಿದೆ. ಒಂದು ಹೂವಿಗೆ ಐದು ಚೌಕ, ಒಂದು ಚೆಂಡಿಗೆ ಹನ್ನೆರಡು ಹೂವು. ಒಟ್ಟು 60 ಚೌಕ. ಒಂದೇ ಹಾಳೆ, ಕತ್ತರಿ ಕೂಡದು, ಅಂಟು ಕೂಡದು ಎನ್ನುವ ಒರಿಗಾಮಿ (ಕಾಗದ ಮಡಚುವ ಜಪಾನಿ ಕಲೆ) ನಿಷ್ಠರು ಇದಕ್ಕೆ ಮೂಗು ಮುರಿಯಬಹುದು. ಮುರಿಯಲಿ.

ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಕೋನ. ಅದರ ಎಡಬಲದ ಮೂಲೆಗಳನ್ನು ತುದಿಗೆ ತಂದರೆ ಮತ್ತೆ ಚೌಕ. ಈಗ ಎರಡೂ ರೆಕ್ಕೆಗಳನ್ನು ಹೊರ ಅಂಚಿಗೆ ಸರಿಯಾಗಿ ಅರ್ಧ ಮಡಚಿ, ಗೆರೆ ಬಿದ್ದ ಮೇಲೆ ಒಳಗೆ ಬೆರಳು ತೂರಿಸಿ, ಬಿಡಿಸಿ, ಚಪ್ಪಟೆ ಮಾಡಬೇಕು. ಮೊದಲ ವಾರವೆಲ್ಲ ನಾನು ಎಡವಿದ್ದು ಇಲ್ಲೇ. ಆತುರಪಟ್ಟು ಒತ್ತಿದರೆ ನಡುಗೆರೆ ಓರೆಯಾಗುತ್ತದೆ. ರೆಕ್ಕೆ ಉಬ್ಬಿ ಬಾಯಿ ತೆರೆದ ಮೇಲೆ, ಅದರ ನಡುಗೆರೆ ಕೆಳಗಿನ ಅಂಚಿನ ನೇರಕ್ಕೆ ಬಂದು ಕೂರುವವರೆಗೆ ಕಾಯಬೇಕು. ಆಮೇಲೆ ಉಗುರಿನಿಂದ ತೀಡಿದರೆ ಗಾಳಿಪಟದ ಆಕಾರ ಬರುತ್ತದೆ. ಅಂಚು ಮೀರಿ ಇಣುಕುವ ಚಿಕ್ಕ ತ್ರಿಕೋನವನ್ನು ಒಳಕ್ಕೆ ಮಡಚಿ, ಗಾಳಿಪಟವನ್ನು ಅರ್ಧಕ್ಕೆ ಮುಚ್ಚಿ, ಎರಡು ರೆಕ್ಕೆಗಳನ್ನು ಒಂದಕ್ಕೊಂದು ಅಂಟಿಸಿದರೆ ದಳ ಸಿದ್ಧ.

ಹಳೆಯ ಕ್ಯಾಲೆಂಡರ್ ಹಾಳೆಯನ್ನು ಕೈಬಿಟ್ಟೆ: ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಕಾಣುತ್ತದೆ, ನುಣುಪಿಗೆ ಅಂಟೂ ಹಿಡಿಯುವುದಿಲ್ಲ. ಈಗ 80 ಜಿಎಸ್‌ಎಮ್‌ನ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಬಣ್ಣದ ಹಾಳೆ.

ಆದರೂ ಎರಡನೆಯ ಹೂವಿನಲ್ಲಿ ಐದನೆಯ ದಳ ಮೊದಲನೆಯದಕ್ಕೆ ಸೇರಲಿಲ್ಲ. ಮಡಿಕೆಯಲ್ಲೇ ತಪ್ಪಿದೆ ಎಂದುಕೊಂಡು ದಳಗಳನ್ನು ಬಿಚ್ಚಿ ಹಾಳು ಮಾಡಿದೆ. ವರಾಂಡದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಮ್ಮ ಒಂದು ದಳವನ್ನು ಎತ್ತಿ ನೋಡಿ, "ಐದಕ್ಕೂ ಐದು ಅಳತೆ. ಇದು ಹೂವಲ್ಲ ಕಣೋ, ಕಡಲೆಕಾಯಿ ಪೊಟ್ಟಣ" ಎಂದರು. ಉಳಿದ ಚೌಕಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಗುಟ್ಟು ರಟ್ಟಾಯಿತು. 10.5 ಸೆಂಟಿಮೀಟರ್ ಇರಬೇಕಾದ ಎರಡು ಚೌಕಗಳ ಒಂದು ಬದಿ 10.6 ಇತ್ತು. ಒಂದು ಮಿಲಿಮೀಟರ್ ಏನು ಮಹಾ ಎನಿಸುತ್ತದೆ. ಆದರೆ ಮೊದಲ ಮಡಿಕೆಯಲ್ಲೇ ಮೂಲೆ ಕೂಡಿದರೆ ಅಂಚು ಕೂಡುವುದಿಲ್ಲ, ಅಂಚು ಕೂಡಿದರೆ ಮೂಲೆ ಇಣುಕುತ್ತದೆ. ನನ್ನ ಕತ್ತರಿಯ ಕೆಲಸ ಅದು. ಮೂರನೆಯ ಹೂವಿಗೆ ಸ್ಟೀಲ್ ಸ್ಕೇಲು, ಬ್ಲೇಡು ಹಿಡಿದೆ. ದಳಗಳು ಹೇಳಿದ ಮಾತು ಕೇಳಿದವು.

ಅಂಟು ಒಣಗುವವರೆಗೆ ಹಿಡಿಯಲು ಜೆಮ್ ಕ್ಲಿಪ್ ಹಾಕಿದರೆ ಕಾಗದದ ಮೇಲೆ ಗುರುತು ಬೀಳುತ್ತದೆ. ಬಟ್ಟೆ ಕ್ಲಿಪ್ಪೇ ವಾಸಿ, ನಡುವೆ ಒಂದು ಚೂರು ಕಾಗದವಿಟ್ಟು.

10.5ರ ಅಳತೆಯಲ್ಲಿ ಒಂದು ಎ4 ಹಾಳೆಗೆ ನಾಲ್ಕೇ ಚೌಕ, ಚೆಂಡಿಗೆ 15 ಹಾಳೆ. 7 ಸೆಂಟಿಮೀಟರ್‌ಗೆ ಇಳಿಸಿದರೆ ಒಂದು ಹಾಳೆಗೆ ಹನ್ನೆರಡು. ಐದೇ ಹಾಳೆಯಲ್ಲಿ ಚೆಂಡು ಮುಗಿಯುತ್ತದೆ. ಅಷ್ಟು ಚಿಕ್ಕ ರೆಕ್ಕೆಯೊಳಗೆ ನನ್ನ ಬೆರಳು ತೂರದು, ಅಮ್ಮನ ಕ್ರೋಶಾ ಕಡ್ಡಿ ಕೇಳಬೇಕು. ಹಳದಿ ಹಾಳೆಯೊಂದನ್ನು ಕತ್ತರಿಸಿ ಇಟ್ಟಿದ್ದೇನೆ. ಹನ್ನೆರಡನ್ನೂ ಜೋಡಿಸಿ ನೋಡಿದೆ, ಅಂಚು ಸಮ ಇದೆ.