ಮೆತ್ತಗಾದರೆ ಬಿಸ್ಕತ್ತು, ಗಟ್ಟಿಯಾದರೆ ಕೇಕು

ಮಂಗಳೂರು, ಭಾನುವಾರ, 26 ಅಕ್ಟೋಬರ್ 2025

ದೀಪಾವಳಿಗೆಂದು ಬಂದಿದ್ದ ನೆಂಟರೆಲ್ಲ ಮರಳಿದ್ದಾರೆ. ಅವರು ತಂದ ಪೊಟ್ಟಣಗಳು ಮಾತ್ರ ಊಟದ ಮೇಜಿನ ಮೇಲೆ ಉಳಿದಿವೆ. ಲಂಡನ್ನಿನಿಂದ ಬಂದ ಜಾಫಾ ಕೇಕ್, ಸೋಲ್‌ನಲ್ಲಿ ಓದುತ್ತಿರುವ ತಂಗಿಯ ಮಗ ತಂದ ಒರಾಯನ್ ಚೋಕೋ ಪೈ, ಅಮೆರಿಕದ ಕೆನೆ ತುಂಬಿದ ಕೇಕು ಟ್ವಿಂಕಿ, ಇವುಗಳ ಸರಿಸಮಕ್ಕೆ ಇರಲಿ ಎಂದು ನಾನೇ ಎದುರಿನ ಅಂಗಡಿಯಿಂದ ತಂದಿಟ್ಟ ಲೋಟೆ ಚೋಕೋ ಪೈ ಮತ್ತು ಮಾರಿ ಬಿಸ್ಕತ್ತು. ಯಾವ ದೇಶದ್ದು ರುಚಿ ಎಂಬ ಚರ್ಚೆ ಹಬ್ಬವಿಡೀ ನಡೆಯಿತು, ತೀರ್ಮಾನವಾಗಲಿಲ್ಲ. ರುಚಿಯನ್ನು ಅಳೆಯಲು ಹೊರಟರೆ ತೀರ್ಮಾನವಾಗುವುದೂ ಇಲ್ಲ, ಏಕೆಂದರೆ ಸಕ್ಕರೆ, ಮೈದಾ, ಕೊಬ್ಬು ಎಲ್ಲ ದೇಶದಲ್ಲಿಯೂ ಒಂದೇ. ಈ ತಿನಿಸುಗಳನ್ನು ನಿಜವಾಗಿ ಬೇರ್ಪಡಿಸುವುದು ಅವುಗಳ ಒಳಗಿನ ನೀರಿನ ಅಂಶ ಎಂದು ನನಗನ್ನಿಸುತ್ತದೆ. ಪೊಟ್ಟಣ ಒಡೆದಿಟ್ಟರೆ ಗರಿಗರಿ ಬಿಸ್ಕತ್ತು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ, ಮೆದು ಕೇಕು ತನ್ನ ತೇವವನ್ನು ಕಳೆದುಕೊಂಡು ಗಟ್ಟಿಯಾಗುತ್ತದೆ. ಕಡಲ ತಡಿಯ ಈ ಊರಿನಲ್ಲಿ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಈ ಮಾತು ನ್ಯಾಯಮಂಡಳಿಯ ಮುಂದೆಯೇ ಬಂದಿತ್ತು. ಜಾಫಾ ಕೇಕ್ 1927ರಿಂದ ಅಲ್ಲಿ ಮಾರಾಟದಲ್ಲಿರುವ ತಿನಿಸು: ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸ್ಪಂಜಿನ ಬಿಲ್ಲೆ, ಅದರ ಮೇಲೆ ಕಿತ್ತಳೆ ರುಚಿಯ ಜೆಲ್ಲಿ, ಅದಕ್ಕೊಂದು ತೆಳುವಾದ ಚಾಕೊಲೇಟಿನ ಹೊದಿಕೆ. ಅಲ್ಲಿನ ಮೌಲ್ಯವರ್ಧಿತ ತೆರಿಗೆಯ ನಿಯಮದಂತೆ ಕೇಕಿಗೆ ತೆರಿಗೆಯಿಲ್ಲ, ಸಾದಾ ಬಿಸ್ಕತ್ತಿಗೂ ಇಲ್ಲ, ಆದರೆ ಚಾಕೊಲೇಟ್ ಹೊದಿಸಿದ ಬಿಸ್ಕತ್ತಿಗೆ ಪೂರ್ಣ ತೆರಿಗೆ ಬೀಳುತ್ತದೆ. ಈಗ ಅದು ಶೇ 20. ಜಾಫಾ ಬಿಸ್ಕತ್ತೇ ಎಂದು ತೆರಿಗೆ ಇಲಾಖೆ, ಅಲ್ಲ ಎಂದು ತಯಾರಕರು ವಾದಿಸಿದ ಮೊಕದ್ದಮೆ 1991ರಲ್ಲಿ ತೀರ್ಮಾನವಾಯಿತು. ಗಾತ್ರ ಬಿಸ್ಕತ್ತಿನದು, ಅಂಗಡಿಯಲ್ಲಿ ಇಡುವುದು ಬಿಸ್ಕತ್ತುಗಳ ಸಾಲಿನಲ್ಲಿ, ತಿನ್ನುವುದು ಬೆರಳಲ್ಲಿ ಹಿಡಿದು ಎಂಬುದನ್ನೆಲ್ಲ ಒಪ್ಪಿಕೊಂಡ ನಂತರವೂ, ಹಿಟ್ಟಿನ ಹದ ಕೇಕಿನದು, ಹಳಸಿದಾಗ ಅದು ಗಟ್ಟಿಯಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ ಎಂಬಂಥ ಕಾರಣಗಳನ್ನು ಕೊಟ್ಟು ನ್ಯಾಯಮಂಡಳಿ ಅದನ್ನು ಕೇಕೆಂದೇ ಸಾರಿತು. ಯಾವ ಅಜ್ಜಿಯೂ ಒಪ್ಪುವಂಥ ತೀರ್ಪು.

ನಮ್ಮಲ್ಲಿ ಇಂಥ ವಾದಕ್ಕೆ ಆಸ್ಪದವೇ ಇಲ್ಲ. ಕೇಕು, ಬಿಸ್ಕತ್ತು ಎರಡೂ ಜಿಎಸ್‌ಟಿಯಲ್ಲಿ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ. ಶೇ 18ರಷ್ಟಿದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 5ಕ್ಕೆ ಇಳಿದಿದೆ. ನಮ್ಮ ತಕರಾರು ಏನಿದ್ದರೂ ತೂಕದ್ದು. ಐದು ರೂಪಾಯಿಯ ಪೊಟ್ಟಣ ಐದು ರೂಪಾಯಿಗೇ ಮಾರಾಟವಾಗಬೇಕಾದ್ದರಿಂದ, ಖರ್ಚು ಏರಿದಾಗಲೆಲ್ಲ ಒಳಗಿನ ಬಿಸ್ಕತ್ತು ಸದ್ದಿಲ್ಲದೆ ಸಣ್ಣದಾಗುತ್ತ ಬಂದಿದೆ.

ಈ ಮೇಜಿನ ಮೇಲಿರುವುದರಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಚೋಕೋ ಪೈ. ಹೆಸರಿನಲ್ಲಿ ಪೈ, ಬಾಯಿಯಲ್ಲಿ ಕೇಕು, ಹುಟ್ಟಿನಲ್ಲಿ ಬಿಸ್ಕತ್ತು. ಇದರ ಮೂಲ ಅಮೆರಿಕದ ದಕ್ಷಿಣದಲ್ಲಿದೆ: ಟೆನೆಸ್ಸಿಯ ಚಟ್ಟನೂಗಾ ಊರಿನ ಬೇಕರಿಯೊಂದು 1917ರಲ್ಲಿ ಎರಡು ಗೋಧಿ ಬಿಸ್ಕತ್ತುಗಳ ನಡುವೆ ಮೆತ್ತನೆಯ ಬಿಳಿ ಸಿಹಿಯಾದ ಮಾರ್ಷ್‌ಮ್ಯಾಲೋ ತುಂಬಿ, ಚಾಕೊಲೇಟಿನಲ್ಲಿ ಅದ್ದಿ, ಮೂನ್ ಪೈ ಎಂದು ಮಾರತೊಡಗಿತು. ಗಣಿ ಕೆಲಸಗಾರರ ಹೊಟ್ಟೆ ತುಂಬಿಸುವ ಅಗ್ಗದ ತಿಂಡಿಯೆಂದೇ ಅದರ ಖ್ಯಾತಿ. ಅದೇ ಬಗೆಯ ತಿನಿಸನ್ನು ಒರಾಯನ್ 1974ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹೊರತಂದಿತು, ಲೋಟೆ ಆಮೇಲೆ ತನ್ನದನ್ನು ತಂದಿತು. ಚೋಕೋ ಪೈ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲ, ತಿನಿಸಿನ ಸಾಮಾನ್ಯ ಹೆಸರು ಎಂದು ಅಲ್ಲಿನ ನ್ಯಾಯಾಲಯ ಹೇಳಿತು. ಕಾರ್ಖಾನೆಯಲ್ಲಿ ಹೊರಬರುವಾಗ ಒಳಗಿನ ಬಿಲ್ಲೆಗಳು ಒಣ ಬಿಸ್ಕತ್ತುಗಳೇ. ಚಾಕೊಲೇಟಿನ ಕವಚದೊಳಗೆ ಬಂದಿಯಾದ ಮಾರ್ಷ್‌ಮ್ಯಾಲೋವಿನ ತೇವ ಕೆಲವು ದಿನಗಳಲ್ಲಿ ನಿಧಾನವಾಗಿ ಅವುಗಳಿಗೆ ಇಳಿದು, ಅವು ಕೇಕಿನಂತೆ ಮೆದುವಾಗುತ್ತವೆ. ಲಂಡನ್ನಿನ ಆ ಅಳತೆಗೋಲನ್ನು ಇಲ್ಲಿ ಹಿಡಿದರೆ, ಚೋಕೋ ಪೈ ಎಂದರೆ ಬೇಕೆಂದೇ ಮೆತ್ತಗಾಗಿಸಿದ ಬಿಸ್ಕತ್ತು. ನಾವು ದೋಷವೆಂದು ದೂರುವುದನ್ನೇ ಅವರು ಹದವಾಗಿ ಮಾಡಿಕೊಂಡಿದ್ದಾರೆ.

ಇಂದು ಮಧ್ಯಾಹ್ನ ಕೊರಿಯಾದ್ದನ್ನೂ ನಮ್ಮ ಅಂಗಡಿಯದನ್ನೂ ಅಕ್ಕಪಕ್ಕ ಇಟ್ಟು ಚಾಕುವಿನಿಂದ ಕೊಯ್ದು ನೋಡಿದೆ. ಕೊರಿಯಾದ್ದರಲ್ಲಿ ಬಿಳಿಯ ಪದರ ಚಾಕುವಿಗೆ ಅಂಟಿಕೊಂಡು ಎಳೆಯಾಗಿ ಹಿಗ್ಗಿತು, ಒತ್ತಿದರೆ ಮರಳಿ ಉಬ್ಬಿತು. ನಮ್ಮದರಲ್ಲಿ ಅದು ಅಷ್ಟು ಹಿಗ್ಗದೆ ಕಡಿದುಹೋಯಿತು, ತುಸು ಕೆನೆಯ ಹಾಗಿತ್ತು. ಕಾರಣ ಪೊಟ್ಟಣದ ಬೆನ್ನಿನಲ್ಲಿದೆ. ಮಾರ್ಷ್‌ಮ್ಯಾಲೋವಿಗೆ ಆ ರಬ್ಬರಿನ ಗುಣ ಬರುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಜೆಲಾಟಿನ್‌ನಿಂದ. 2004ರಲ್ಲಿ ಚೆನ್ನೈನ ಪ್ಯಾರೀಸ್ ಮಿಠಾಯಿ ಕಂಪನಿಯನ್ನು ಕೊಂಡು ಭಾರತಕ್ಕೆ ಕಾಲಿಟ್ಟ ಲೋಟೆ, ಇಲ್ಲಿ ಹಸಿರು ಚುಕ್ಕೆಯಿಲ್ಲದೆ ವ್ಯಾಪಾರ ಸಾಗದೆಂದು ಕಂಡುಕೊಂಡು ಜೆಲಾಟಿನ್ ಬಿಟ್ಟಿತು. ನಮ್ಮ ಮನೆಯ ಹಿರಿಯರು ಧೈರ್ಯವಾಗಿ ಬಾಯಿಗಿಟ್ಟದ್ದು ಅದನ್ನೇ, ಕೊರಿಯಾದ್ದನ್ನು ದೂರದಿಂದಲೇ ಕೈಮುಗಿದು ಬಿಟ್ಟರು. ನನ್ನ ಮಟ್ಟಿಗೆ ಹಿಗ್ಗುವ ಮಾರ್ಷ್‌ಮ್ಯಾಲೋ ಮೇಲು. ಆದರೆ ಚಾಕೊಲೇಟಿನ ಹೊದಿಕೆಯಲ್ಲಿ ಎರಡಕ್ಕೂ ಹೇಳುವಷ್ಟು ವ್ಯತ್ಯಾಸವಿಲ್ಲ, ಎರಡರಲ್ಲೂ ಕೋಕೋ ಬೆಣ್ಣೆಯೊಂದನ್ನೇ ನೆಚ್ಚದೆ ಬೇರೆ ಕೊಬ್ಬನ್ನೂ ಬಳಸಿದ್ದಾರೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುವುದರಿಂದ, ಅದನ್ನೇ ನಂಬಿದ ಚಾಕೊಲೇಟು ಏಪ್ರಿಲ್‌ನ ಮಂಗಳೂರಿನಲ್ಲಿ ಪೊಟ್ಟಣದ ಗೋಡೆಗೆ ಅಂಟಿಕೊಂಡಿರುತ್ತಿತ್ತು.

ಚೋಕೋ ಪೈ ಗಡಿ ದಾಟಿದ ಕಥೆಯೂ ಒಂದಿದೆ. ಉತ್ತರ ಕೊರಿಯಾದ ಕೇಸಾಂಗ್‌ನಲ್ಲಿ ದಕ್ಷಿಣದ ಕಂಪನಿಗಳು ನಡೆಸುತ್ತಿದ್ದ ಕೈಗಾರಿಕಾ ವಲಯದಲ್ಲಿ, ಕೆಲಸಗಾರರ ಕೈಗೆ ನೇರವಾಗಿ ಹಣ ಕೊಡುವಂತಿರಲಿಲ್ಲವಾದ್ದರಿಂದ ಭಕ್ಷೀಸಿನ ಬದಲು ಚೋಕೋ ಪೈ ಹಂಚುತ್ತಿದ್ದರು. ಅನೇಕರು ಅದನ್ನು ತಿನ್ನದೆ ಉಳಿಸಿ ಹೊರಗೆ ಮಾರುತ್ತಿದ್ದರು. 2014ರಲ್ಲಿ ಉತ್ತರದ ಆಡಳಿತ ಅದನ್ನು ತಡೆದಾಗ, ದಕ್ಷಿಣದ ಕಾರ್ಯಕರ್ತರು ಬಲೂನುಗಳಿಗೆ ಕಟ್ಟಿ 10,000 ಚೋಕೋ ಪೈಗಳನ್ನು ಗಡಿಯಾಚೆ ಹಾರಿಬಿಟ್ಟರು. ಒಂದು ತಿಂಡಿ ಚಲಾವಣೆಯ ನಾಣ್ಯವಾಗಬೇಕಾದರೆ ಅದು ಬೇಗ ಕೆಡದಂತಿರಬೇಕು, ಒಂದೊಂದೂ ಬೇರೆ ಬೇರೆ ಹೊದಿಕೆಯಲ್ಲಿರಬೇಕು. ಇದರಲ್ಲಿ ಎರಡೂ ಇವೆ.

ಟ್ವಿಂಕಿಯ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. 1930ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದಾಗ ಅದರ ಹೊಟ್ಟೆಯಲ್ಲಿ ಬಾಳೆಹಣ್ಣಿನ ಕೆನೆಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಳೆಹಣ್ಣು ಸಿಗದಾಗ ವೆನಿಲ್ಲಾ ಬಂತು, ಅದೇ ಉಳಿಯಿತು. ವರ್ಷಗಟ್ಟಲೆ ಕೆಡುವುದಿಲ್ಲವೆಂಬ ದಂತಕಥೆ ಅದಕ್ಕಿದ್ದರೂ, ನಿಜವಾದ ಆಯುಷ್ಯ 45 ದಿನಗಳ ಆಸುಪಾಸು. ಬಾಳೆಯ ಕೆನೆಯಿದ್ದಾಗ ಚೆನ್ನಾಗಿತ್ತೋ ಏನೋ, ಈಗಿನದು ಬರೀ ಸಿಹಿ. ಮಕ್ಕಳೂ ಅರ್ಧಕ್ಕೇ ಬಿಟ್ಟರು.

ಮಾರಿಯ ಕಥೆ ಇದಕ್ಕೆ ತದ್ವಿರುದ್ಧ. 1874ರಲ್ಲಿ ರಷ್ಯಾದ ರಾಜಕುಮಾರಿ ಮರಿಯಾ, ವಿಕ್ಟೋರಿಯಾ ರಾಣಿಯ ಮಗನನ್ನು ಮದುವೆಯಾದ ಸಂದರ್ಭಕ್ಕೆ ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿ ಮಾಡಿದ ಬಿಸ್ಕತ್ತು ಅದು. ನಮ್ಮ ಬೂರ್ಬನ್ ಬಿಸ್ಕತ್ತು ಕೂಡ ಅದೇ ಕಂಪನಿಯ ಕೂಸು. ಸ್ಪೇನಿನಲ್ಲಿ, ಮೆಕ್ಸಿಕೋದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ, ಶ್ರೀಲಂಕಾದಲ್ಲಿ, ಇಲ್ಲಿ ಬ್ರಿಟಾನಿಯಾ ಹೆಸರಿನಲ್ಲಿ, ಎಲ್ಲೆಡೆಯೂ ಅದು ಸ್ಥಳೀಯ ಬಿಸ್ಕತ್ತಾಗಿಬಿಟ್ಟಿದೆ, ಮತ್ತು ಚೋಕೋ ಪೈನಂತೆ ಎಲ್ಲಿಯೂ ವೇಷ ಬದಲಿಸಬೇಕಾಗಿ ಬಂದಿಲ್ಲ. ಬದಲಿಸಲು ಅದರಲ್ಲಿ ಏನೂ ಇಲ್ಲ ಎಂಬುದೇ ಅದರ ಅನುಕೂಲ: ಬೇಯುವಾಗ ಉಬ್ಬದಿರಲೆಂದು ಆವಿ ಹೋಗಲು ಚುಚ್ಚಿದ ತೂತುಗಳು, ಅಂಚಿನಲ್ಲಿ ಒಂದಿಷ್ಟು ಚಿತ್ತಾರ, ನಾಲಿಗೆಗೆ ತಿಳಿಯುವಷ್ಟೇ ಸಿಹಿ.

ಮಾರಿಗೆ ಚಹಾ ಬೇಕೇ ಬೇಕು, ಅದ್ದುವುದಕ್ಕೂ ಒಂದು ಕ್ರಮ ಬೇಕು. ಚಹಾ ಸಕ್ಕರೆಯನ್ನು ಕರಗಿಸಿ, ಪಿಷ್ಟವನ್ನು ಉಬ್ಬಿಸುತ್ತ ಸಣ್ಣ ರಂಧ್ರಗಳ ಮೂಲಕ ಏರುತ್ತದೆ. ಎರಡೂ ಮುಖ ನೆನೆದ ಕೂಡಲೇ ಬಿಸ್ಕತ್ತು ಲೋಟದ ತಳ ಸೇರುತ್ತದೆ. ಬ್ರಿಸ್ಟಲ್‌ನ ಭೌತವಿಜ್ಞಾನಿ ಲೆನ್ ಫಿಶರ್ ಇದನ್ನು ಲೆಕ್ಕ ಹಾಕಿ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವನ್ನು 1999ರಲ್ಲಿ ಪಡೆದರು. ಬಿಸ್ಕತ್ತನ್ನು ನೇರವಾಗಿ ಮುಳುಗಿಸದೆ ಅಡ್ಡವಾಗಿ ಹಿಡಿದು ಕೆಳಮುಖವನ್ನಷ್ಟೇ ತೋಯಿಸಿದರೆ, ಒಣಗಿರುವ ಮೇಲ್ಮುಖ ಅದನ್ನು ಹಿಡಿದು ನಿಲ್ಲಿಸುತ್ತದೆಂಬುದು ಅವರ ಸಲಹೆ. ನಮ್ಮ ಸ್ಟೀಲ್ ಲೋಟದ ಬಾಯಿಯಲ್ಲಿ ಮಾರಿಯನ್ನು ಅಡ್ಡಡ್ಡ ಇಳಿಸುವುದು ಆಗದ ಮಾತು. ಅಗಲ ಬಾಯಿಯ ಕಪ್ಪು ತೆಗೆದುಕೊಳ್ಳಬೇಕು, ಇಲ್ಲವೇ ಸಾಸರಿಗೆ ಚಹಾ ಸುರಿದುಕೊಳ್ಳಬೇಕು.

ಮಕ್ಕಳ ಮತ ಕೊರಿಯಾದ ಚೋಕೋ ಪೈಗೆ, ಅತ್ತೆಯವರದು ಹಸಿರು ಚುಕ್ಕೆಯದಕ್ಕೆ. ನಾನು ಮೊದಲ ಸ್ಥಾನವನ್ನು ಮಾರಿಗೂ ಎರಡನೆಯದನ್ನು ಜಾಫಾಕ್ಕೂ ಕೊಟ್ಟಿದ್ದೇನೆ. ಚಹಾ ಇಲ್ಲದ ಹೊತ್ತಿನಲ್ಲಿ ಕೇಳಿದರೆ ಈ ಕ್ರಮವನ್ನು ತಿರುವಿ ಹೇಳುತ್ತೇನೆ.