ಭುಜದ ನೋವಿಗೆ ಕಾಲಿಗೆ ಸೂಜಿ

ಎಡಭುಜ ಬಿಗಿದುಕೊಂಡು ತಿಂಗಳುಗಳೇ ಕಳೆದಿದ್ದವು. ತಲೆ ಬಾಚುವುದು, ಅಂಗಿಯ ತೋಳಿಗೆ ಕೈ ತೂರಿಸುವುದು, ಮೇಲಿನ ಕಪಾಟಿನಿಂದ ಪುಸ್ತಕ ಇಳಿಸುವುದು ಎಲ್ಲವೂ ಬಲಗೈಯ ಪಾಲಿಗೆ ಬಂದಿದ್ದವು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತಿತ್ತು. ಪರೀಕ್ಷಿಸಿದ ವೈದ್ಯರು ಇದನ್ನು ಫ್ರೋಜನ್ ಶೋಲ್ಡರ್ ಎಂದರು. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಮಧುಮೇಹ ಇರುವವರಲ್ಲಿ ಇದು ಹೆಚ್ಚೆಂದೂ, ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಸಡಿಲವಾಗುತ್ತದೆಂದೂ ತಿಳಿಸಿ ವ್ಯಾಯಾಮ ಹೇಳಿಕೊಟ್ಟರು. ವ್ಯಾಯಾಮವನ್ನು ತಪ್ಪದೆ ಮಾಡುತ್ತಿದ್ದೆ. ಆದರೆ ನೋವಿನೊಂದಿಗೇ ಮಲಗಿ ಏಳುವವರಿಗೆ ಮೂರು ವರ್ಷ ಎಂಬ ಮಾತು ಸಮಾಧಾನ ತರುವುದಿಲ್ಲ. ದೇಹದ ನಿರ್ದಿಷ್ಟ ಬಿಂದುಗಳಿಗೆ ತೆಳು ಸೂಜಿ ಹಾಕುವ ಚೀನೀ ಚಿಕಿತ್ಸೆಯಾದ ಅಕ್ಯುಪಂಕ್ಚರ್ ಮಾಡಿಸಿ ನೋಡೋಣವೆಂದು ಮೊದಲು ಹೋದ ಖಾಸಗಿ ಚಿಕಿತ್ಸಾಲಯದಲ್ಲಿ ಪ್ರತ್ಯೇಕ ಕೋಣೆ, ಮೆತ್ತನೆಯ ಹಾಸಿಗೆ, ಗಂಟೆ ಹೊತ್ತಿನ ಆರೈಕೆ ಎಲ್ಲ ಇತ್ತು. ಆದರೆ ಅದರ ವೆಚ್ಚ ಭರಿಸಲಾಗದೆ ವಾರಕ್ಕೊಮ್ಮೆ ಹೋಗುತ್ತಿದ್ದುದು ತಿಂಗಳಿಗೊಮ್ಮೆಯಾಗಿ, ಕೊನೆಗೆ ನಿಂತೇಹೋಯಿತು. ಪರಿಚಿತರೊಬ್ಬರು ಸಮುದಾಯ ಅಕ್ಯುಪಂಕ್ಚರ್ ಕೇಂದ್ರವೊಂದರ ವಿಷಯ ಹೇಳಿದ್ದು ಆಮೇಲೆ.

ಅಲ್ಲಿ ಇದ್ದದ್ದು ಒಂದೇ ದೊಡ್ಡ ಕೋಣೆ. ಮಂದ ಬೆಳಕಿನಲ್ಲಿ ಒರಗು ಕುರ್ಚಿಗಳು ಸಾಲಾಗಿದ್ದವು, ಹಲವರು ಆಗಲೇ ಕಣ್ಣು ಮುಚ್ಚಿ ಒರಗಿದ್ದರು. ಶುಲ್ಕದ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಬರೆದು ಹಾಕಿದ್ದರು. ಅವುಗಳ ನಡುವೆ ತನಗೆ ಸಾಧ್ಯವಾದಷ್ಟನ್ನು ಪ್ರತಿಯೊಬ್ಬರೂ ತಾವೇ ನಿರ್ಧರಿಸಿ ಕೊಡಬಹುದಿತ್ತು. ಆದಾಯಕ್ಕೆ ಪುರಾವೆ ಕೇಳುವವರು ಯಾರೂ ಇರಲಿಲ್ಲ. ಬಡತನವನ್ನು ಕಾಗದಪತ್ರಗಳಲ್ಲಿ ಸಾಬೀತುಪಡಿಸಬೇಕಾದ ಅವಮಾನವಿಲ್ಲದೆ ಚಿಕಿತ್ಸೆ ದೊರೆಯುವುದು ಎಷ್ಟು ದೊಡ್ಡ ವಿಷಯವೆಂಬುದನ್ನು, ಅಂಥ ಕಾಗದಗಳನ್ನು ಹಿಡಿದು ಸಾಲಿನಲ್ಲಿ ನಿಂತವರೇ ಬಲ್ಲರು.

ಚಿಕಿತ್ಸಕಿ ನನ್ನ ಪಕ್ಕ ಪುಟ್ಟ ಸ್ಟೂಲ್ ಎಳೆದುಕೊಂಡು ಕುಳಿತು, ಬೇರೆಯವರಿಗೆ ಕೇಳಿಸದಷ್ಟು ಮೆಲುದನಿಯಲ್ಲಿ ಮಾತಾಡಿದರು. ಕಾಯಿಲೆಗಳ ವಿವರ ಮತ್ತು ತೆಗೆದುಕೊಳ್ಳುವ ಔಷಧಿಗಳ ಪಟ್ಟಿಯನ್ನು ಮೊದಲೇ ಬರೆಸಿಕೊಂಡಿದ್ದರಿಂದ ಪ್ರಶ್ನೆಗಳು ಹೆಚ್ಚಿರಲಿಲ್ಲ: ನೋವು ಶಾಖಕ್ಕೆ ತಗ್ಗುತ್ತದೆಯೇ, ರಾತ್ರಿ ಹೆಚ್ಚುತ್ತದೆಯೇ, ನಿದ್ದೆ ಹೇಗೆ. ನಾಲಿಗೆಯನ್ನು ನೋಡಿದರು. ಆಮೇಲೆ ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು, ಒಮ್ಮೆ ಹಗುರವಾಗಿ, ಒಮ್ಮೆ ಒತ್ತಿ ನಾಡಿ ನೋಡಿದರು. ಚೀನೀ ವೈದ್ಯದಲ್ಲಿ ಬೆರಳಿನ ಒಂದೊಂದು ಸ್ಥಾನವೂ ಒಂದೊಂದು ಅಂಗವ್ಯವಸ್ಥೆಯ ಸುದ್ದಿ ಹೇಳುತ್ತದೆಂಬುದು ನಂಬಿಕೆ.

ಅಂಗಿಯ ತೋಳನ್ನು ಮೊಣಕೈವರೆಗೆ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಳ್ಳಲು ಹೇಳಿದಾಗ, ನೋವಿರುವುದು ಭುಜದಲ್ಲಿ ಅಲ್ಲವೇ ಎಂದು ಕೇಳಿಯೇಬಿಟ್ಟೆ. ಮೊಣಕೈ ಮತ್ತು ಮೊಣಕಾಲಿನಿಂದ ಕೆಳಗಿರುವ ಬಿಂದುಗಳಿಗೆ ದೂರದ ನೋವನ್ನು ಹಿಡಿಯುವ ಶಕ್ತಿಯಿದೆ ಎಂಬುದು ಈ ಪದ್ಧತಿಯ ಹಳೆಯ ತಿಳಿವಳಿಕೆ. ಬಟ್ಟೆ ಕಳಚಬೇಕಿಲ್ಲವಾದ್ದರಿಂದ ಪರದೆಯೂ ಪ್ರತ್ಯೇಕ ಕೋಣೆಯೂ ಬೇಕಾಗುವುದಿಲ್ಲ. ಒಬ್ಬ ಚಿಕಿತ್ಸಕಿ ಒಂದು ಗಂಟೆಯಲ್ಲಿ ಹಲವರನ್ನು ನೋಡಿಕೊಳ್ಳಬಹುದು. ಹಾಗಾಗಿಯೇ ಶುಲ್ಕವೂ ಇಳಿಯುತ್ತದೆ. ಚೀನಾದ ಆಸ್ಪತ್ರೆಗಳಲ್ಲಿ ಒಂದೇ ಕೋಣೆಯಲ್ಲಿ ಅನೇಕರಿಗೆ ಸೂಜಿ ಹಾಕುವುದು ಸಾಮಾನ್ಯ.

ಒಮ್ಮೆ ಮಾತ್ರ ಬಳಸುವ ಸೂಜಿಯ ಪೊಟ್ಟಣವನ್ನು ನನ್ನೆದುರೇ ಒಡೆದರು. ಮೊದಲ ಸೂಜಿ ಬಲಗಾಲಿಗೆ, ಮೊಣಕಾಲಿಗೂ ಹರಡಿಗೂ ನಡುವೆ, ಕಣಗಾಲಿನ ಮೂಳೆಯಿಂದ ಒಂದು ಬೆರಳಗಲ ಹೊರಗೆ. ಆ ಬಿಂದುವಿನ ಹೆಸರು ತಿಯಾವ್‌ಕೌ. ಬಿಗಿದ ಭುಜಕ್ಕೆ ಹೆಸರಾದದ್ದು. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆದರೆ ಸೂಜಿಯನ್ನು ಬೆರಳುಗಳ ನಡುವೆ ಮೆಲ್ಲನೆ ತಿರುಗಿಸತೊಡಗಿದಾಗ ಒಳಗೆಲ್ಲೋ ಭಾರವಾದ, ಮಂದವಾದ ನೋವೊಂದು ಎದ್ದು ಪಾದದ ಕಡೆಗೆ ಹರಡಿತು. ಅವರು ಕಾಯುತ್ತಿದ್ದುದು ಅದಕ್ಕೇ. ಚೀನಿಯರು ಅದನ್ನು 'ದೆ ಚಿ' ಎನ್ನುತ್ತಾರೆ. ಸೂಜಿ ತಿರುಗಿಸುತ್ತಲೇ, ಎಡಗೈಯನ್ನು ನಿಧಾನವಾಗಿ ಮೇಲೆತ್ತಿ ಎಂದರು. ಭುಜದ ಮಟ್ಟದಲ್ಲಿ ನಿಂತುಬಿಡುತ್ತಿದ್ದ ಕೈ ಕಿವಿಯ ಎತ್ತರದವರೆಗೆ ಹೋಯಿತು. ಪೂರ್ತಿ ಮೇಲೇಳಲಿಲ್ಲ, ನೋವೂ ಮಾಯವಾಗಲಿಲ್ಲ. ಆದರೂ ಬಹಳ ಕಾಲದಿಂದ ಹೋಗದಿದ್ದ ಜಾಗಕ್ಕೆ ನನ್ನ ಕೈ ಹೋದದ್ದನ್ನು ನೋಡಿ ಕಣ್ಣು ತುಂಬಿ ಬಂದವು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೆಗು ಬಿಂದುವಿಗೆ, ಪಾದದ ಮೇಲೆ, ಮತ್ತೆ ಕೆಲವೆಡೆ ಸೂಜಿ ಹಾಕಿ, ಹೊದಿಕೆ ಹೊದಿಸಿ ಅವರು ಮುಂದಿನವರ ಬಳಿಗೆ ಹೋದರು.

ಎದುರಿನ ಸಾಲಿನಲ್ಲಿ ಕೆಲವರು ಎರಡೂ ಕಿವಿಗಳಿಗೆ ಐದೈದು ಸೂಜಿ ಹಾಕಿಸಿಕೊಂಡು ಕುಳಿತಿದ್ದರು. ಚಟದಿಂದ ಬಿಡಿಸಿಕೊಳ್ಳುತ್ತಿರುವವರಿಗೆ, ಆಘಾತ ಅನುಭವಿಸಿದವರಿಗೆ ನೀಡುವ ಆ ಕ್ರಮಕ್ಕೆ ದೊಡ್ಡ ಚರಿತ್ರೆಯಿದೆ. ಕಿವಿಗೆ ಸೂಜಿ ಹಾಕಿದಾಗ ಅಫೀಮಿನ ಚಟದವರ ಯಾತನೆ ತಗ್ಗುವುದನ್ನು ಹಾಂಗ್‌ಕಾಂಗ್‌ನ ನರಶಸ್ತ್ರವೈದ್ಯ ಎಚ್. ಎಲ್. ವೆನ್ 1970ರ ದಶಕದ ಆರಂಭದಲ್ಲಿ ಗುರುತಿಸಿದರು. ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್‌ನಲ್ಲಿ ಪೋರ್ಟೊರಿಕೊ ಮೂಲದವರ ಯಂಗ್ ಲಾರ್ಡ್ಸ್, ಕಪ್ಪುಜನರ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಗಳ ಹೋರಾಟಗಾರರು 1970ರಲ್ಲಿ ಹಟ ಹಿಡಿದು ಶುರುಮಾಡಿಸಿದ್ದ ಲಿಂಕನ್ ಆಸ್ಪತ್ರೆಯ ವ್ಯಸನಮುಕ್ತಿ ಕೇಂದ್ರ ಅದನ್ನು ಕೈಗೆತ್ತಿಕೊಂಡು ಬೆಳೆಸಿತು. ಬಡವರ ಬೀದಿಯಲ್ಲಿ ಗುಂಪಾಗಿ ಕುಳಿತು ಪಡೆಯುವ ಚಿಕಿತ್ಸೆಯಾಗಿ ಅದು ನೆಲೆಯೂರಿತು. ನಾನು ಒರಗಿದ್ದಂಥ ಕುರ್ಚಿಗಳ ಮಾದರಿ ಬಂದದ್ದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 2002ರಲ್ಲಿ ಆರಂಭವಾದ ವರ್ಕಿಂಗ್ ಕ್ಲಾಸ್ ಅಕ್ಯುಪಂಕ್ಚರ್ ಎಂಬ ಚಿಕಿತ್ಸಾಲಯದಿಂದ. ದುಡಿಯುವ ಜನರ ಚಿಕಿತ್ಸೆ ಎಂದು ಹೆಸರಿನಲ್ಲೇ ಹೇಳಿಕೊಂಡ ಆ ಧೈರ್ಯ ನನಗೆ ಬಹಳ ಮೆಚ್ಚುಗೆಯಾಗಿದೆ.

ಇದೆಲ್ಲ ಮನಸ್ಸಿನ ಆಟವಲ್ಲವೇ ಎಂದು ಕೇಳುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆಯೇ. ಬೆನ್ನು, ಕುತ್ತಿಗೆ, ಭುಜ, ಮಂಡಿ, ತಲೆನೋವುಗಳ ಬಗ್ಗೆ ಸುಮಾರು 18,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಸೂಜಿ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ನಡುವೆ ಗಣನೀಯ ಅಂತರ ಕಂಡಿತ್ತು. ನಿಜವಾದ ಸೂಜಿಗೂ, ಹೋಲಿಸಿ ನೋಡಲೆಂದು ಹಾಕುವ ತೋರಿಕೆಯ ಸೂಜಿಗೂ ನಡುವಿನ ಅಂತರ ಚಿಕ್ಕದು, ಆದರೆ ಇತ್ತು. ನನ್ನ ಭುಜ ಹೇಗೂ ಕಾಲಕ್ರಮೇಣ ಸಡಿಲವಾಗುತ್ತಿತ್ತೆಂಬುದನ್ನೂ ಮರೆಯಲಾರೆ. ಅದಕ್ಕೇ ಈ ಚಿಕಿತ್ಸೆಯನ್ನು ಪವಾಡವೆಂದು ಹೊಗಳುವವರ ಜೊತೆ ನಾನು ಸೇರುವುದಿಲ್ಲ. ನಡುವಿನ ದಿನಗಳನ್ನು ಸಹನೀಯವಾಗಿಸುವ ಚಿಕಿತ್ಸೆಗೂ ತನ್ನದೇ ಬೆಲೆಯಿದೆ.

ಎಚ್ಚರವಾದಾಗಲೇ ನಿದ್ದೆ ಹೋಗಿದ್ದೆನೆಂದು ತಿಳಿದದ್ದು. ಸೂಜಿ ತೆಗೆಸಿಕೊಂಡು ಹೊರಬರುವಾಗ, ಗಿಡಮೂಲಿಕೆಗಳ ಕಪಾಟಿನ ಬಳಿ ಹಿರಿಯರೊಬ್ಬರು ದಾಂಗ್‌ಗುಯ್ ಬೇರು ಕೇಳುತ್ತಿದ್ದರು. ಅವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು ತಿಳಿದು ಚಿಕಿತ್ಸಕಿ ಸ್ಪಷ್ಟವಾಗಿ ನಿರಾಕರಿಸಿದರು: ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯವಲ್ಲವೆಂದು ತಿಳಿದವರ ಕೈಯಲ್ಲೇ ಈ ವಿದ್ಯೆ ಇರಬೇಕು.

ನನಗೆ ಹೇಳಿದ್ದಿಷ್ಟು: ವ್ಯಾಯಾಮ ಬಿಡಬೇಡಿ, ವೈದ್ಯರ ಮಾತ್ರೆ ನಿಲ್ಲಿಸಬೇಡಿ, ಮೊದಲ ಕೆಲವು ವಾರ ವಾರಕ್ಕೆ ಎರಡು ಸಲವಾದರೂ ಬನ್ನಿ, ಹಳೆಯ ನೋವು ಒಂದೆರಡು ಸೂಜಿಗೆ ಜಗ್ಗುವುದಿಲ್ಲ. ಹಿಂದಿನ ಚಿಕಿತ್ಸಾಲಯದಲ್ಲೂ ಇದೇ ಸಲಹೆ ಸಿಕ್ಕಿತ್ತು, ಆದರೆ ಅದನ್ನು ಪಾಲಿಸುವಷ್ಟು ಹಣ ನನ್ನಲ್ಲಿರಲಿಲ್ಲ. ಇಲ್ಲಿ ನನ್ನಿಂದಾದಷ್ಟು ಶುಲ್ಕ ಕೊಟ್ಟು, ಮುಂದಿನ ಇಡೀ ತಿಂಗಳಿಗೆ ಹೆಸರು ಬರೆಸಿದೆ.