ಅಂಬುತೀರ್ಥದ ತಾಯಿಗೆ

ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ನಡುವೆ, ಕಲ್ಲು ಕಟ್ಟಿದ ಒಂದು ಪುಟ್ಟ ತೀರ್ಥ, ಜೊತೆಗೆ ಶಿವಲಿಂಗ. ಶರಾವತಿ ಹುಟ್ಟುವುದು ಇಲ್ಲೇ ಎಂದರೆ ಮೊದಲ ಸಲ ನೋಡಿದವರಿಗೆ ನಂಬಿಕೆ ಬರುವುದಿಲ್ಲ. ಇಲ್ಲಿಂದ ಹೊರಟವಳು ಜೋಗದಲ್ಲಿ 253 ಮೀಟರ್ ಧುಮುಕಿ, ಒಟ್ಟು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ.

ವನವಾಸದಲ್ಲಿ ಸೀತಮ್ಮನಿಗೆ ಬಾಯಾರಿತು, ರಾಮ ನೆಲಕ್ಕೆ ಬಾಣ ಹೊಡೆದ, ಗಂಗೆ ಮೇಲೆದ್ದಳು. ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಕಥೆ. ಎಲ್ಲರೂ ಬಾಣವನ್ನು ಕೊಂಡಾಡುತ್ತಾರೆ. ನನಗೆ ಮನಸ್ಸಿನಲ್ಲಿ ನಿಂತದ್ದು ಆ ಬಾಯಾರಿಕೆ. ಸೀತೆ ಭೂಮಿಯ ಮಗಳಲ್ಲವೇ? ನಡೆದು ದಣಿದ ಮಗಳು ಬೊಗಸೆ ನೀರು ಕೇಳಿದಳು, ತಾಯಿ ಹೊಳೆಯನ್ನೇ ಕೊಟ್ಟಳು.

ನಮ್ಮದು ಮುಳುಗಡೆಯ ಮನೆತನ. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜಿಯ ಮನೆ, ಗದ್ದೆ, ಅಡಿಕೆ ತೋಟ, ಭೂತನ ಕಟ್ಟೆ ಎಲ್ಲವೂ ಹಿನ್ನೀರಿನ ಅಡಿ ಸೇರಿದವು. ಬೇರೆ ಊರಿಗೆ ಬಂದ ಮೇಲೂ ಅಜ್ಜಿ ದೀಪಾವಳಿಯ ನೀರು ತುಂಬುವ ಹಬ್ಬವನ್ನು ಒಂದು ವರ್ಷವೂ ಬಿಟ್ಟವರಲ್ಲ. ಹಂಡೆ ತೊಳೆದು, ಶೇಡಿ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡಲೆ ಬಳ್ಳಿ ಸುತ್ತಿ, ಬಾವಿಕಟ್ಟೆಯಲ್ಲಿ ಗಂಗೆಪೂಜೆ. ಗಂಗೇ ಚ ಯಮುನೇ ಚೈವ ಎಂದು ಶುರುಮಾಡಿ ಕಾವೇರಿಯವರೆಗೆ ಬಂದು, ಶ್ಲೋಕದಲ್ಲಿ ಇಲ್ಲದ ಶರಾವತಿಯನ್ನೂ ಸೇರಿಸಿಯೇ ಕೈಮುಗಿಯುತ್ತಿದ್ದರು.

"ನಮ್ಮನೆ ಮುಳುಗಿಸಿದೋಳಿಗೆ ಯಾಕಜ್ಜಿ ಪೂಜೆ?" ಎಂದು ಕೇಳಿದ್ದೆ.

"ಅವ್ಳು ತಾನಾಗಿ ಬರ್ಲಿಲ್ಲ ತಂಗಿ, ಅವ್ಳನ್ನ ತಡೆದು ನಿಲ್ಸಿದ್ರು. ಅದ್ರಲ್ಲಿ ಅವ್ಳ ತಪ್ಪೇನು?"

ಅಂಬುತೀರ್ಥದ ನೀರು ಕೈಗೆ ತೆಗೆದುಕೊಂಡಾಗ ನನ್ನ ಬಾಯಲ್ಲೂ ಶ್ಲೋಕ ಶರಾವತಿಗೆ ಬಂದೇ ನಿಂತಿತು. ಹಾಗೆಂದು ತೀರ್ಥ ಕುಡಿದ ಮಾತ್ರಕ್ಕೆ ನೋವು ತೀರುವುದಿಲ್ಲ. ಎಷ್ಟೋ ಸಂತ್ರಸ್ತ ಕುಟುಂಬಗಳು ಉಳುತ್ತಿರುವ ನೆಲದ ಹಕ್ಕಿಗಾಗಿ ಇಂದಿಗೂ ಅಲೆಯುತ್ತಿವೆ. ಆ ಜಗಳ ಮನುಷ್ಯರ ನಡುವಿನದು, ಅಲ್ಲೇ ತೀರಬೇಕು. ತಾಯಿಯ ಮುಂದೆ ನಿಂತಾಗ ನನಗೆ ಬಂದದ್ದು ಅಜ್ಜಿಯ ಮಾತು ಮಾತ್ರ.

ಹೋಗುವವರಲ್ಲಿ ಒಂದು ಬೇಡಿಕೆ. ಅರಿಶಿನ ಕುಂಕುಮದ ಪೊಟ್ಟಣ, ಊದುಬತ್ತಿಯ ಕವರು ನೀರಿಗೆ ಬೀಳದಿರಲಿ. ಹೂವನ್ನೂ ದಡದಲ್ಲೇ ಇಡಿ. ಮಳೆಗಾಲದಲ್ಲಿ ಕುಡಿದಿಟ್ಟ ನೀರನ್ನೇ ಕಾಡಿನ ನೆಲ ಬೇಸಿಗೆಗೆ ಬಿಟ್ಟುಕೊಡುವುದು. ಅದಕ್ಕೇ ಸುತ್ತಲಿನ ಮರಗಳನ್ನು ನಾನು ದೇವರ ಆಸ್ತಿ ಎಂದೇ ಎಣಿಸುತ್ತೇನೆ.

ಈ ದೀಪಾವಳಿಗೆ ಅಮ್ಮನನ್ನು ಕರೆದುಕೊಂಡು ಹೋಗಿ ಒಂದು ಚೊಂಬು ನೀರು ತರುತ್ತೇನೆಂದು ಹೇಳಿಕೊಂಡಿದ್ದೇನೆ. ಹಂಡೆಗೆ ಮೊದಲು ಅದು, ಆಮೇಲೆ ಬಾವಿ ನೀರು. ನಮ್ಮ ಕೇರಿಯಲ್ಲಿ ಮುಳುಗಡೆ ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ. ಎಣ್ಣೆಸ್ನಾನಕ್ಕೆ ಮುಂಚೆ ಅವರ ಹಂಡೆಗಳಿಗೂ ಒಂದೊಂದು ಉದ್ಧರಣೆ ಮುಟ್ಟಿಸಬೇಕು.